ಗೊಬ್ಬರ ತುಟ್ಟಿಯಾದ ಆ ವರ್ಷಗಳು

(ಉಗಾರ ಖುರ್ದದಲ್ಲಿ ಸೇರಿದ್ದ ಕಬ್ಬು ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಬ್ಬಿನ ಬೆಳೆಗೆ ಸಮತೋಲನ ಗೊಬ್ಬರ ಎಂಬ ವಿಷಯವಾಗಿ ನಾನು ಇಂದು ನಾಲ್ಕು ಮಾತು ಹೇಳಬೇಕೆಂದು ಗೊತ್ತಾಗಿತ್ತು. ಬೇಕಾದ ಅಂಕಿ ಅಂಶಗಳನ್ನು ಬರೆದುಕೊಂಡೇ ಬಂದಿದ್ದೆ. ಆದರೆ ಸಭೆ ಸೇರುವ ಮೊದಲು, ಹೊರಗೆ ಚಹಾ ಕುಡಿಯುವಾಗ, ಒಬ್ಬ ಹಿರಿಯರು ನನ್ನನ್ನು ತಡೆದು ನಿಲ್ಲಿಸಿ, “ಸರ, ಪೊಟ್ಯಾಶ್ ಭಾಳ ತುಟ್ಟಿ ಆಗೈತಿ. ಈ ಸಲ ಅದನ್ನ ಬಿಟ್ಟು ಎರಡು ಚೀಲ ಯೂರಿಯಾ ಜಾಸ್ತಿ ಒಗದ್ರ ನಡೀತೈತೇನ್ರಿ?” ಎಂದು ಕೇಳಿದರು.

ಇದೇ ಮಾತು ೧೯೯೨ರಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ನನ್ನ ಕಿವಿಗೆ ಬಿದ್ದಿತ್ತು. ಆಡಿದವರು ನಮ್ಮ ಅಪ್ಪ. “ನಡೆಯುವುದಿಲ್ಲ” ಎಂದು ಹೇಳುವವರು ಆಗ ಹತ್ತಿರ ಯಾರೂ ಇರಲಿಲ್ಲ. ಆದ್ದರಿಂದ ಅಂಕಿ ಅಂಶಗಳಿಗೆ ಆಮೇಲೆ ಬರುತ್ತೇನೆ. ಮೊದಲು ಆ ಕಾಲದ ನಮ್ಮ ಮನೆಯ ಸಂಗತಿಯನ್ನು ಹೇಳುತ್ತೇನೆ. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಇದೆಲ್ಲ ನೆನಪಿದ್ದೀತು. ಕಿರಿಯರು ಕೇಳಿ ತಿಳಿಯಬೇಕಾದ ವಿಷಯ ಇದು.

ದೇಶಕ್ಕೆ ಬಂದ ಕಷ್ಟ

ನಮ್ಮದು ಈ ಕೃಷ್ಣಾ ದಂಡೆಯದೇ ಒಂದು ಹಳ್ಳಿ. ಈಗ ಕಾಗವಾಡ ತಾಲೂಕು ಆಗಿರುವ ಈ ಭಾಗವೆಲ್ಲ ಆಗ ಅಥಣಿ ತಾಲೂಕಿನಲ್ಲಿತ್ತು. ಮಿರಜದಿಂದ ಲೋಂಡಾದ ಕಡೆಗೆ ಹೋಗುವ ರೈಲು ಆಗಿನ್ನೂ ಮೀಟರ್ ಗೇಜಿನ ಸಣ್ಣ ಗಾಡಿ. ನಮಗೆ ಏಳು ಎಕರೆ ಜಮೀನು. ನಾನು ಆರನೆಯ ಇಯತ್ತೆಯಲ್ಲಿ ಓದುತ್ತಿದ್ದೆ.

೧೯೯೦ರ ಆಗಸ್ಟ್ ತಿಂಗಳಲ್ಲಿ ಇರಾಕ್ ದೇಶವು ಕುವೈತಿನ ಮೇಲೆ ದಾಳಿ ಮಾಡಿತು. ಎಣ್ಣೆಯ ಬೆಲೆ ಏರಿತು. ಎಲ್ಲಿಯ ಕುವೈತ್, ಎಲ್ಲಿಯ ನಮ್ಮ ಊರು ಎಂದು ನೀವು ಕೇಳಬಹುದು. ನಾವು ನಾಲ್ಕು ಮನೆಯವರು ಸೇರಿ ನದಿಯ ದಂಡೆಗೆ ಒಂದು ಆಯಿಲ್ ಇಂಜಿನ್ ಕೂಡಿಸಿದ್ದೆವು. ಅದೇ ಅಕ್ಟೋಬರದಲ್ಲಿ ಸರಕಾರವು ಪೆಟ್ರೋಲು, ಡೀಸೆಲ್‌ಗಳ ಮೇಲೆ ಶೇಕಡಾ ೨೫ರಷ್ಟು ಹೆಚ್ಚುವರಿ ಹೇರಿದಾಗ, ಕುವೈತಿನ ಯುದ್ಧ ನೇರವಾಗಿ ನಮ್ಮ ಕಬ್ಬಿನ ಬೋದಿನೊಳಗೆ ಬಂದು ನಿಂತಿತು. ಹತ್ತು ದಿನಕ್ಕೊಮ್ಮೆ ಬಿಡುತ್ತಿದ್ದ ನೀರು ಹದಿನೈದು ದಿನಕ್ಕೆ ಹೋಯಿತು.

ಮುಂದಿನ ಬೇಸಿಗೆಯ ಹೊತ್ತಿಗೆ ದೇಶದ ಹತ್ತಿರ ಹೊರಗಿನಿಂದ ಸಾಮಾನು ತರಿಸಲು ಹಣವೇ ಉಳಿದಿರಲಿಲ್ಲ. ಇದ್ದ ವಿದೇಶಿ ಹಣ ಎರಡು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ. ೧೯೯೧ರ ಮೇ ತಿಂಗಳಲ್ಲಿ ೨೦ ಟನ್ ಬಂಗಾರವನ್ನು, ಮತ್ತೆ ಬಿಡಿಸಿಕೊಳ್ಳುವ ಕರಾರಿನ ಮೇಲೆ, ಹೊರದೇಶದ ಬ್ಯಾಂಕಿಗೆ ಮಾರಲಾಯಿತು. ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಸುಮಾರು ೪೭ ಟನ್ ಬಂಗಾರವನ್ನು ಇಂಗ್ಲೆಂಡ್ ಹಾಗೂ ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಒತ್ತೆ ಇಟ್ಟು ಸುಮಾರು ೪೦ ಕೋಟಿ ಡಾಲರ್ ಸಾಲ ಎತ್ತಿತು. ಅದೇ ಜುಲೈ ೧ ಮತ್ತು ೩ರಂದು ಎರಡು ಸಲ ರೂಪಾಯಿಯ ಬೆಲೆಯನ್ನು ಇಳಿಸಲಾಯಿತು.

ಧಾರವಾಡ ಆಕಾಶವಾಣಿಯ ವಾರ್ತೆಯಲ್ಲಿ ಒತ್ತೆಯ ಸುದ್ದಿ ಕೇಳಿ ನಮ್ಮ ಆಯಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಬರಗಾಲದಲ್ಲಿ ಬಂಗಾರ ಒತ್ತೆ ಇಡುವುದು ಅವಳಿಗೆ ಹೊಸದಲ್ಲ. “ಸರಕಾರಕ್ಕೂ ಹಿಂಗ ಬರತೈತೇನಪಾ?” ಎಂದು ಅಪ್ಪನನ್ನು ಕೇಳಿದಳು. ಅಪ್ಪ ಏನೂ ಹೇಳಲಿಲ್ಲ.

ಅಡಿಗೆಮನೆಯ ಲೆಕ್ಕ

೧೯೯೧ರ ಆಗಸ್ಟ್ ಹೊತ್ತಿಗೆ ಸಗಟು ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ ೧೭ರ ಸಮೀಪ ಏರಿದ್ದವು. ಈ ಅಂಕಿ ನಾನು ಮುಂದೆ ಕಾಲೇಜಿನಲ್ಲಿ ಓದಿದ್ದು. ಆಗ ನನಗೆ ಗೊತ್ತಾದದ್ದು ಬೇರೆ ರೀತಿಯಲ್ಲಿ. ರೇಶನ್ ಅಂಗಡಿಯ ಸಕ್ಕರೆ ಕಿಲೋಕ್ಕೆ ೫ ರೂಪಾಯಿ ೨೫ ಪೈಸೆ ಇದ್ದದ್ದು ೬ ರೂಪಾಯಿ ೧೦ ಪೈಸೆ ಆಯಿತು. ಸಕ್ಕರೆ ಕಾರಖಾನೆಗೆ ಗಾಡಿಗಟ್ಟಲೆ ಕಬ್ಬು ಕಳಿಸುವ ಮನೆಯಲ್ಲಿ ಚಹಾಕ್ಕೆ ಬೆಲ್ಲ ಬಂದಿತು. ಚಿಮಣಿ ಎಣ್ಣೆಗೆ ಡಬ್ಬಿ ಹಿಡಿದು ಸರತಿಯಲ್ಲಿ ನಿಲ್ಲುವ ಕೆಲಸ ನನ್ನದು. ಎಣ್ಣೆ ಉಳಿಸಬೇಕೆಂದು ಕಂದೀಲಿನ ಬತ್ತಿಯನ್ನು ಅವ್ವ ಎಷ್ಟು ಸಣ್ಣಗೆ ಮಾಡುತ್ತಿದ್ದಳೆಂದರೆ, ಪುಸ್ತಕವನ್ನು ಗಾಜಿಗೆ ತಾಗಿಸಿಯೇ ಓದಬೇಕಾಗುತ್ತಿತ್ತು.

ಆದರೆ ನಾವು ಉಪವಾಸ ಬೀಳಲಿಲ್ಲ. ಅದಕ್ಕೆ ಕಾರಣ ಆಯಿಯ ಹಟ. ೧೯೭೨ರ ಬರವನ್ನು ಕಂಡವಳು ಅವಳು. ಅದರ ಬೆನ್ನಿಗೇ ಎಣ್ಣೆಯ ಬೆಲೆ ಏರಿ, ೧೯೭೪ರ ಜೂನ್ ತಿಂಗಳಲ್ಲಿ ಯೂರಿಯಾದ ಬೆಲೆ ಇಮ್ಮಡಿಯ ಹತ್ತಿರ ಹೋದದ್ದನ್ನೂ ಕಂಡಿದ್ದಳು. ಆದ್ದರಿಂದ ಏಳು ಎಕರೆಯನ್ನೂ ಕಬ್ಬಿಗೆ ಹಾಕಲು ಅವಳು ಒಪ್ಪಿರಲಿಲ್ಲ. ಮೇಲಿನ ಒಂದೂವರೆ ಎಕರೆಯಲ್ಲಿ ಪ್ರತಿ ವರ್ಷ ಹಿಂಗಾರಿ ಜೋಳ ಬಿತ್ತಲೇಬೇಕು, ಕಾಳು ಹಗೇವಿಗೆ ಹೋಗಲೇಬೇಕು. ಅಕ್ಕಡಿ ಸಾಲಿನಲ್ಲಿ ಅಗಸಿ, ಕುಸುಬಿ, ಬದುವಿನ ಮೇಲೆ ತೊಗರಿ, ಅವರೆ. ಎಲ್ಲವನ್ನೂ ಕಬ್ಬಿಗೆ ಹಾಕಿದ್ದ ನಮ್ಮ ನೆರೆಯವರು ಆ ವರ್ಷ ಜೋಳವನ್ನು ಕೊಂಡು ತಂದರು. ನಮ್ಮ ಮನೆಯಲ್ಲಿ ರೊಟ್ಟಿಯ ಮೇಲೆ ಅಗಸಿ ಹಿಂಡಿ ಇತ್ತು. ಪಲ್ಯ ಇಲ್ಲದ ದಿನಗಳು ಇದ್ದವು, ರೊಟ್ಟಿ ಇಲ್ಲದ ದಿನ ಇರಲಿಲ್ಲ. ಎಮ್ಮೆಯ ಹಾಲನ್ನು ಡೇರಿಗೆ ಹಾಕಿ ಬಂದ ಹಣದಲ್ಲಿ ಅವ್ವ ನಮ್ಮ ವಹಿ, ಪೆನ್ಸಿಲು ನೋಡಿಕೊಂಡಳು.

ಜುಲೈ ೨೪ರ ರಾತ್ರಿ

೧೯೯೧ರ ಜುಲೈ ೨೪ರಂದು ಹೊಸ ಸರಕಾರದ ಬಜೆಟ್ ಬಂದಿತು. ರಸಗೊಬ್ಬರಗಳ ಬೆಲೆಯನ್ನು ಶೇಕಡಾ ೪೦ರಷ್ಟು ಏರಿಸಲಾಯಿತು. ೧೯೯೦–೯೧ರಲ್ಲಿ ಗೊಬ್ಬರದ ಸಹಾಯಧನವೇ ಸುಮಾರು ೪,೪೦೦ ಕೋಟಿ ರೂಪಾಯಿ ಆಗಿತ್ತು, ಸರಕಾರಕ್ಕೆ ಆ ಭಾರ ಹೊರಲು ಆಗುತ್ತಿರಲಿಲ್ಲ. ದೇಶದ ಎಲ್ಲೆಡೆ ವಿರೋಧ ಬಂದ ಮೇಲೆ ಆಗಸ್ಟಿನಲ್ಲಿ ಏರಿಕೆಯನ್ನು ಶೇಕಡಾ ೩೦ಕ್ಕೆ ಇಳಿಸಿ, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ವಿನಾಯಿತಿ ಎಂದು ಹೇಳಲಾಯಿತು. ಏಳು ಎಕರೆಯ ನಮಗೆ ಅದು ಅನ್ವಯಿಸಲಿಲ್ಲ.

ಅಪ್ಪನಿಗೆ ರೋಜಕೀರ್ದಿ ಬರೆಯುವ ರೂಢಿ. ಆ ವಹಿ ಇಂದಿಗೂ ನನ್ನ ಹತ್ತಿರ ಇದೆ. ಅದರಲ್ಲಿ ೫೦ ಕಿಲೋ ಚೀಲದ ಬೆಲೆಗಳು ಹೀಗಿವೆ: ಯೂರಿಯಾ ೧೧೭ ರೂ. ೫೦ ಪೈಸೆ ಇದ್ದದ್ದು ೧೫೩ ರೂಪಾಯಿ, ಡಿ.ಎ.ಪಿ. ೧೮೦ ಇದ್ದದ್ದು ೨೩೪. ಪೊಟ್ಯಾಶ್ ೬೫ ಇದ್ದದ್ದು ೮೪ ರೂ. ೫೦ ಪೈಸೆ. ಅದೇ ೧೯೯೧–೯೨ರ ಹಂಗಾಮಿಗೆ ಕಬ್ಬಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆ ಕ್ವಿಂಟಲಿಗೆ ೨೬ ರೂಪಾಯಿ.

ಬಜೆಟ್ಟಿನ ಮರುದಿನವೇ ಅಪ್ಪ ಸೈಕಲ್ ತುಳಿದು ಗೊಬ್ಬರದ ಅಂಗಡಿಗೆ ಹೋದರು. “ಮಾಲು ಇಲ್ಲ” ಎಂಬ ಉತ್ತರ ಬಂದಿತು. ನಾಲ್ಕು ದಿನ ಬಿಟ್ಟು ಹೋದಾಗ ಅದೇ ಅಂಗಡಿಯಲ್ಲಿ ಮಾಲು ಇತ್ತು, ಹೊಸ ಬೆಲೆಗೆ. ಡೀಸೆಲ್ಲಿಗೂ ಗೊಬ್ಬರಕ್ಕೂ ಸೇರಿ ಕೈಯಲ್ಲಿದ್ದ ಹಣ ಸಾಲಲಿಲ್ಲ. ಆ ರಾತ್ರಿ ಅವ್ವ ಕೊರಳಿನ ಬೋರಮಾಳವನ್ನು ತೆಗೆದು ಅಪ್ಪನ ಮುಂದೆ ಇಟ್ಟಳು. “ಹೊಲಾ ನಿಂತ್ರ ಇದು ಮತ್ತ ಬರತೈತ್ರಿ. ಹೊಲಾನ ಒಣಗಿದ್ರ ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?” ಎಂದಳು. ದೇಶ ಬಂಗಾರ ಒತ್ತೆ ಇಟ್ಟ ತಿಂಗಳಲ್ಲಿಯೇ ನಮ್ಮ ಮನೆಯ ಎರಡು ತೊಲೆಯೂ ಒತ್ತೆಗೆ ಹೋಯಿತು.

ಅಪ್ಪ ಮಾಡಿದ ಲೆಕ್ಕ

೧೯೯೨ರ ಆಗಸ್ಟ್ ಕೊನೆಯಲ್ಲಿ ಇನ್ನೊಂದು ಬದಲಾವಣೆ ಆಯಿತು. ರಂಜಕ ಮತ್ತು ಪೊಟ್ಯಾಶ್ ಗೊಬ್ಬರಗಳ ಮೇಲಿನ ಬೆಲೆ ನಿಯಂತ್ರಣವನ್ನು ಸರಕಾರ ತೆಗೆದುಹಾಕಿತು. ಯೂರಿಯಾ ಮಾತ್ರ ನಿಯಂತ್ರಣದಲ್ಲಿ ಉಳಿಯಿತು. ಅಷ್ಟೇ ಅಲ್ಲ, ಅದರ ಬೆಲೆಯನ್ನು ಶೇಕಡಾ ೧೦ರಷ್ಟು ಇಳಿಸಲಾಯಿತು. ಯೂರಿಯಾದ ಚೀಲ ೧೩೮ ರೂಪಾಯಿಗೆ ಬಂದಿತು, ಪೊಟ್ಯಾಶ್ ಚೀಲ ಎರಡು ನೂರರ ಆಚೆ ಹೋಯಿತು. ಪೊಟ್ಯಾಶ್ ನಮ್ಮ ದೇಶದಲ್ಲಿ ಸಿಗುವುದಿಲ್ಲ, ಪೂರ್ತಿ ಹೊರಗಿನಿಂದಲೇ ಬರಬೇಕು. ರೂಪಾಯಿ ಇಳಿದಾಗ ಅದು ತುಟ್ಟಿಯಾಗದೆ ಇರುವುದಿಲ್ಲ.

ಆಗ ನಮ್ಮದು ಎರಡು ಎಕರೆ ಆಡಸಾಲಿ ಕಬ್ಬು, ಆಗತಾನೆ ನಾಟಿ ಮಾಡಿದ್ದು. ಅಪ್ಪ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದರು. ಎರಡು ಎಕರೆಗೆ ಐದು ಚೀಲ ಪೊಟ್ಯಾಶ್ ಬೇಕು. ಮೊದಲು ಅದಕ್ಕೆ ೩೨೫ ರೂಪಾಯಿ ಸಾಕಾಗುತ್ತಿತ್ತು, ಈಗ ಸಾವಿರದ ಮೇಲೆ. ಅದೇ ಸಾವಿರಕ್ಕೆ ಏಳು ಚೀಲ ಯೂರಿಯಾ ಬರುತ್ತದೆ. “ಗೊಬ್ಬರಾ ಅಂದ್ರ ಗೊಬ್ಬರಾ, ಅದೂ ಬಿಳೀದು, ಇದೂ ಬಿಳೀದು” ಎಂದು ಜೊತೆಗಿದ್ದವರು ನಕ್ಕರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ರೂಪಾಯಿಯ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಭೂಮಿಯ ಲೆಕ್ಕ.

ಅಪ್ಪ ಪೊಟ್ಯಾಶ್ ಪೂರ್ತಿ ಬಿಟ್ಟರು, ಡಿ.ಎ.ಪಿ. ಅರ್ಧ ಮಾಡಿದರು, ಯೂರಿಯಾ ಹೆಚ್ಚು ಮಾಡಿದರು. ಮಳೆಗಾಲಕ್ಕೆ ಮುಂಚೆ ಕೈಗೆ ಹಣ ಬಂದಾಗ ಇನ್ನೂ ಎರಡು ಚೀಲ ಒಗೆದರು. ಕಬ್ಬು ಕರಿಹಸಿರಾಗಿ, ಆಳೆತ್ತರ ದಾಟಿ ಬೆಳೆಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನನಗೂ ಹೆಮ್ಮೆಯೇ. ೧೯೯೩ರ ಮಳೆಗಾಲದಲ್ಲಿ ಗಾಳಿ ಬೀಸಿದ ಎರಡೇ ದಿನಕ್ಕೆ ಆ ಕಬ್ಬು ಅಡ್ಡ ಮಲಗಿತು. ಮಲಗಿದ ಕಬ್ಬಿಗೆ ಇಲಿ ಹತ್ತಿದವು, ಕೊರಕ ಹತ್ತಿತು, ಗಣಿಕೆಗಳಲ್ಲಿ ಮೊಳಕೆ ಒಡೆಯಿತು. ಎಕರೆಗೆ ಐವತ್ತು ಟನ್ ಕೊಡುತ್ತಿದ್ದ ಹೊಲ ಮೂವತ್ತೆಂಟು ಕೊಟ್ಟಿತು. ಕಡಿಯುವ ಗ್ಯಾಂಗಿನವರು ಮಲಗಿದ ಕಬ್ಬಿಗೆ ಹೆಚ್ಚಿನ ಹಣ ಕೇಳಿದರು. ಕೂಳೆ ಬೆಳೆಯೂ ಸರಿಯಾಗಿ ಏಳಲಿಲ್ಲ.

ದೇಶ ತನ್ನ ಒತ್ತೆಯ ಸಾಲವನ್ನು ೧೯೯೧ ಮುಗಿಯುವುದರೊಳಗೆ ತೀರಿಸಿತು. ನಮ್ಮ ಮನೆಯ ಒತ್ತೆ ೧೯೯೪ರಲ್ಲಿ ಮುಳುಗಿತು. ಅವ್ವ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮದುವೆ ಮುಂಜಿವೆಗಳಿಗೆ ಹೋಗುವಾಗ ಸೆರಗನ್ನು ಕೊರಳಿನ ಮೇಲೆ ಎಳೆದುಕೊಳ್ಳುವುದನ್ನು ಮಾತ್ರ ನಾನು ನೋಡುತ್ತಿದ್ದೆ. ನಾನು ಕೃಷಿ ಓದಲು ಧಾರವಾಡಕ್ಕೆ ಹೋದದ್ದು ಮುಂದೆ. ಆ ಎರಡು ಎಕರೆಯಲ್ಲಿ ಆದದ್ದೇನು ಎಂಬ ಪ್ರಶ್ನೆ ನನ್ನ ಜೊತೆಯಲ್ಲಿಯೇ ಬಂದಿತ್ತು.

ಕಬ್ಬಿನೊಳಗೆ ಆದದ್ದೇನು?

ಸಾರಜನಕವು ಎಲೆ ಮತ್ತು ಕಾಂಡವನ್ನು ಬೇಗ ಬೆಳೆಸುತ್ತದೆ. ರಂಜಕವು ಬೇರು ಬಿಡಲು, ಮರಿ ಒಡೆಯಲು ಬೇಕು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಗಣಿಕೆಗೆ ಸಾಗಿಸುವ ಕೆಲಸಕ್ಕೆ, ಕಾಂಡಕ್ಕೆ ಬಲ ಕೊಡಲು, ನೀರಿನ ಕೊರತೆಯನ್ನು ತಾಳಿಕೊಳ್ಳಲು ಪೊಟ್ಯಾಶ್ ಬೇಕು. ಕಬ್ಬು ಭೂಮಿಯಿಂದ ಎಳೆದುಕೊಳ್ಳುವ ಈ ಮೂರರಲ್ಲಿ ಪೊಟ್ಯಾಶಿನ ಪ್ರಮಾಣವೇ ಹೆಚ್ಚು. ಸಾರಜನಕ ಅತಿಯಾದಾಗ, ಅದೂ ತಡವಾಗಿ ಹಾಕಿದಾಗ, ಕಬ್ಬು ಎಳೆಯದಾಗಿಯೇ ಉಳಿದು ಮಾಗುವುದಿಲ್ಲ. ಕಾಂಡ ಮೆದುವಾಗಿ ಬೀಳುತ್ತದೆ, ಕೊರಕಕ್ಕೆ ಹಬ್ಬವಾಗುತ್ತದೆ, ರಸದಲ್ಲಿ ಸಕ್ಕರೆ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಕಪ್ಪು ಭೂಮಿಗಳಲ್ಲಿ ಪೊಟ್ಯಾಶ್ ಸಾಮಾನ್ಯವಾಗಿ ಮಧ್ಯಮದಿಂದ ಹೆಚ್ಚಿನ ಮಟ್ಟದಲ್ಲಿ ಇರುತ್ತದೆ. ಆದ್ದರಿಂದ ಅಪ್ಪ ಒಂದು ವರ್ಷ ಪೊಟ್ಯಾಶ್ ಬಿಟ್ಟದ್ದಕ್ಕಿಂತ ಯೂರಿಯಾವನ್ನು ಮಿತಿಮೀರಿ, ಹೊತ್ತು ಮೀರಿ ಸುರಿದದ್ದೇ ಹೆಚ್ಚು ಕೆಡುಕು ಮಾಡಿತು ಎಂದು ನನ್ನ ಅಭಿಪ್ರಾಯ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಎಷ್ಟು ಪೊಟ್ಯಾಶ್ ಕಡಿಮೆ ಮಾಡಬಹುದು ಎಂಬುದು ಗೊತ್ತಾಗುತ್ತಿತ್ತು. ಸಾವಿರ ರೂಪಾಯಿಯೂ ಉಳಿಯುತ್ತಿತ್ತು, ಕಬ್ಬೂ ನಿಲ್ಲುತ್ತಿತ್ತು.

ಇದು ನಮ್ಮ ಮನೆಯೊಂದರ ತಪ್ಪಲ್ಲ. ದೇಶದಲ್ಲಿ ಬಳಸಿದ ಸಾರಜನಕ, ರಂಜಕ, ಪೊಟ್ಯಾಶ್‌ಗಳ ಪ್ರಮಾಣ ೧೯೯೧–೯೨ರಲ್ಲಿ ೫.೯:೨.೪:೧ ಇತ್ತು. ಒಂದೇ ವರ್ಷದಲ್ಲಿ, ೧೯೯೨–೯೩ರಲ್ಲಿ, ಅದು ೯.೫:೩.೨:೧ ಆಯಿತು. ಸಾಮಾನ್ಯವಾಗಿ ೪:೨:೧ ಇರಬೇಕೆಂದು ಹೇಳುತ್ತಾರೆ. ಅಂದರೆ ಆ ವರ್ಷ ಲಕ್ಷಾಂತರ ಕಟ್ಟೆಗಳ ಮೇಲೆ ಲಕ್ಷಾಂತರ ಅಪ್ಪಂದಿರು ಅದೇ ಲೆಕ್ಕ ಹಾಕಿದ್ದರು.

ಇದು ಮತ್ತೆಯೂ ಆಯಿತು. ೨೦೧೦ರ ಏಪ್ರಿಲ್‌ನಿಂದ ಪೋಷಕಾಂಶ ಆಧಾರಿತ ಸಹಾಯಧನ ಬಂದಿತು. ಯೂರಿಯಾವನ್ನು ಅದರ ಹೊರಗೆ ಇಡಲಾಯಿತು. ಎರಡು ಮೂರು ವರ್ಷಗಳಲ್ಲಿ ಪೊಟ್ಯಾಶ್ ಬೆಲೆ ಮೂರು ಪಟ್ಟಿಗೂ ಮಿಕ್ಕಿ, ೪.೩:೨:೧ಕ್ಕೆ ಬಂದಿದ್ದ ಪ್ರಮಾಣ ೨೦೧೨–೧೩ರಲ್ಲಿ ೮.೨:೩.೨:೧ಕ್ಕೆ ಹೋಯಿತು. ೨೦೨೨ರಲ್ಲಿ ರಷ್ಯಾ, ಯುಕ್ರೇನ್ ಯುದ್ಧದ ಹೊತ್ತಿಗೆ ಪೊಟ್ಯಾಶ್ ಚೀಲ ೧,೭೦೦ ರೂಪಾಯಿ ಮುಟ್ಟಿದ್ದನ್ನು ನೀವೆಲ್ಲ ಕಂಡಿದ್ದೀರಿ. ಯುದ್ಧ ಎಲ್ಲಿಯೇ ಆಗಲಿ, ಅದರ ಬಿಸಿ ಕಬ್ಬಿನ ಬುಡಕ್ಕೆ ಬರುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿ ಇಲ್ಲ. ಅದಕ್ಕೆ ಸಿದ್ಧರಿರುವುದು ನಮ್ಮ ಕೈಯಲ್ಲಿದೆ.

ತುಟ್ಟಿಯ ಕಾಲದಲ್ಲಿ ಏನು ಮಾಡಬೇಕು?

೧. ಮೊದಲು ಮಣ್ಣು ಪರೀಕ್ಷೆ. ಗೊಬ್ಬರ ಕೊಳ್ಳುವ ಮೊದಲು ಮಣ್ಣಿನ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿರಿ. ಯಾವುದನ್ನು ಎಷ್ಟು ಕಡಿಮೆ ಮಾಡಬಹುದೆಂಬುದನ್ನು ಅಂಗಡಿಯವರಾಗಲಿ, ನೆರೆಹೊಲದವರಾಗಲಿ ಹೇಳಲಾರರು. ಮಣ್ಣೇ ಹೇಳಬೇಕು.

೨. ಶಿಫಾರಸನ್ನು ತಿಳಿದಿರಿ. ನಮ್ಮ ಭಾಗದ ನೀರಾವರಿ ಕಬ್ಬಿಗೆ ಹೆಕ್ಟೇರಿಗೆ ೨೫೦ ಕಿಲೋ ಸಾರಜನಕ, ೭೫ ಕಿಲೋ ರಂಜಕ, ೧೯೦ ಕಿಲೋ ಪೊಟ್ಯಾಶ್. ಎಕರೆಗೆ ಹೇಳುವುದಾದರೆ ಸುಮಾರು ೬೫ ಕಿಲೋ ಡಿ.ಎ.ಪಿ., ೧೯೦ ಕಿಲೋ ಯೂರಿಯಾ, ೧೨೫ ಕಿಲೋ ಪೊಟ್ಯಾಶ್. ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಕೊಟ್ಟು, ದೊಡ್ಡದಾಗಿ ಮಣ್ಣು ಏರಿಸುವ ಹೊತ್ತಿಗೆ ಮುಗಿಸಿರಿ. ಆಮೇಲೆ ಬೇಡ. ಯೂರಿಯಾದ ಚೀಲ ೨೦೧೮ರಿಂದ ೪೫ ಕಿಲೋದ್ದಾಗಿದೆ, ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿರಿ.

೩. ಹಣ ಸಾಲದಿದ್ದರೆ ಕ್ಷೇತ್ರವನ್ನು ಕಡಿಮೆ ಮಾಡಿರಿ, ಸಮತೋಲನವನ್ನು ಕೆಡಿಸಬೇಡಿರಿ. ಮೂರು ಎಕರೆಗೆ ಅರೆಬರೆ ಕೊಡುವುದಕ್ಕಿಂತ ಎರಡು ಎಕರೆಗೆ ಸರಿಯಾಗಿ ಕೊಡುವುದು ಲೇಸು. ಉಳಿದ ಒಂದು ಎಕರೆಯಲ್ಲಿ ಸೋಯಾ, ಕಡಲೆ, ಜೋಳ ಬರಲಿ.

೪. ರವದಿಯನ್ನು ಸುಡಬೇಡಿರಿ. ಅದರಲ್ಲಿ ನೀವು ಹಣ ಕೊಟ್ಟು ತರುವ ಪೊಟ್ಯಾಶ್ ಇದೆ. ಕೂಳೆ ಬೆಳೆಯಲ್ಲಿ ರವದಿಯನ್ನು ಸಾಲಿನ ಮಧ್ಯೆ ಹರವಿ ಕೊಳೆಯಲು ಬಿಡಿರಿ. ನೀರೂ ಉಳಿಯುತ್ತದೆ, ಕಳೆಯೂ ಕಡಿಮೆಯಾಗುತ್ತದೆ.

೫. ಎಕರೆಗೆ ೧೦ ಟನ್ ತಿಪ್ಪೆಗೊಬ್ಬರ ಹಾಕಿರಿ. ಅಷ್ಟು ಸಿಗದಿದ್ದರೆ ಸೆಣಬು ಬಿತ್ತಿ, ಹೂವು ಬಿಡುವ ಹೊತ್ತಿಗೆ ಮಣ್ಣಿನಲ್ಲಿ ಸೇರಿಸಿರಿ. ಒಲೆಯ ಬೂದಿಯನ್ನು ಹೊರಗೆ ಚೆಲ್ಲದೆ ತಿಪ್ಪೆಗೆ ಹಾಕಿರಿ. ಅದರಲ್ಲಿಯೂ ಪೊಟ್ಯಾಶ್ ಇದೆ.

೬. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ವಸ್ತುವಿನಿಂದ ತಯಾರಿಸುವ ಪೊಟ್ಯಾಶ್ ಗೊಬ್ಬರಕ್ಕೆ ೨೦೨೧ರಲ್ಲಿ ಸಹಾಯಧನದ ವ್ಯವಸ್ಥೆ ಆಗಿದೆ. ಇದರಲ್ಲಿ ಕನಿಷ್ಠ ಶೇಕಡಾ ೧೪.೫ರಷ್ಟು ಪೊಟ್ಯಾಶ್ ಇರುತ್ತದೆ. ನಿಮ್ಮ ಕಬ್ಬಿನಿಂದಲೇ ಹೋದ ಪೊಟ್ಯಾಶ್ ನಿಮ್ಮ ಹೊಲಕ್ಕೆ ಮರಳಿ ಬರಲಿ. ಸಿಗುವಲ್ಲಿ ವಿಚಾರಿಸಿ ಬಳಸಿರಿ.

೭. ಮಿತಿಯಾಗಿ ನೀರು ಬಿಡಿರಿ. ಹೆಚ್ಚು ಯೂರಿಯಾ ಹಾಕಿದವರು ಹೆಚ್ಚು ನೀರನ್ನೂ ಬಿಡುತ್ತಾರೆ. ಈ ದಂಡೆಯ ಭೂಮಿಗಳು ಸವಳು ಜವಳಾದದ್ದು ಹಾಗೆಯೇ. ಬಸಿಗಾಲುವೆ ಇಲ್ಲದ ಹೊಲಕ್ಕೆ ಯಾವ ಗೊಬ್ಬರವೂ ಉಪಯೋಗಕ್ಕೆ ಬರುವುದಿಲ್ಲ.

೮. ಎಷ್ಟೇ ಕಬ್ಬು ಇರಲಿ, ಮನೆಯ ಊಟಕ್ಕೆ ಬೇಕಾಗುವ ಜೋಳ, ಬೇಳೆ ಮನೆಯ ಹೊಲದಲ್ಲಿಯೇ ಬರಲಿ. ಇದು ವಿಶ್ವವಿದ್ಯಾಲಯದಲ್ಲಿ ಕಲಿತ ಪಾಠವಲ್ಲ, ನಮ್ಮ ಆಯಿಯದು.

ಕೊನೆಯ ಮಾತು

೧೯೯೪ರಲ್ಲಿ ಅಪ್ಪ ಆ ಎರಡು ಎಕರೆಯ ಕೂಳೆಯನ್ನು ಕಿತ್ತುಹಾಕಿ, ಸೆಣಬು ಬಿತ್ತಿ ಮಣ್ಣಿಗೆ ಸೇರಿಸಿದರು. ಒಂದು ವರ್ಷ ಕಬ್ಬು ಹಚ್ಚಲಿಲ್ಲ, ಕಡಲೆ ಹಾಕಿದರು. ಊರಿನಲ್ಲಿ ಕೆಲವರು ನಕ್ಕರು. ಭೂಮಿ ಮತ್ತೆ ಹದಕ್ಕೆ ಬರಲು ಮೂರು ವರ್ಷ ಬೇಕಾಯಿತು. ನನ್ನ ಮೊದಲ ಪಗಾರ ಬಂದಾಗ ಅವ್ವನಿಗೆ ಬೋರಮಾಳ ಮಾಡಿಸಬೇಕೆಂದು ಹೊರಟೆ. ಅವಳು ಒಪ್ಪಲಿಲ್ಲ. “ಅದನ್ನ ಬಿಡು ತಮ್ಮಾ. ಹೊಲಕ್ಕ ಒಂದು ಬಸಿಗಾಲುವಿ ತಗಸು” ಎಂದಳು. ತೆಗೆಸಿದೆವು. ಬೋರಮಾಳ ಎರಡು ವರ್ಷ ತಡವಾಗಿ ಆಯಿತು.

ಚಹಾದ ಹೊತ್ತಿನಲ್ಲಿ ನನ್ನನ್ನು ಕೇಳಿದ ಹಿರಿಯರು ಇಲ್ಲಿಯೇ ಮುಂದೆ ಕುಳಿತಿದ್ದಾರೆ. ಅಣ್ಣಾರ, ನಿಮಗೆ ನನ್ನ ಉತ್ತರ ಇದು: ಪೊಟ್ಯಾಶ್ ಕಡಿಮೆ ಮಾಡಬಹುದೋ ಇಲ್ಲವೋ ನಿಮ್ಮ ಹೊಲದ ಮಣ್ಣನ್ನು ನೋಡಿ ಹೇಳೋಣ. ಆದರೆ ಅದರ ಬದಲಿಗೆ ಎರಡು ಚೀಲ ಯೂರಿಯಾ ಹೆಚ್ಚಿಗೆ ಒಗೆಯುವುದು ನಡೆಯುವುದಿಲ್ಲ. ನಾಳೆ ಮುಂಜಾನೆ ನಾನು ಇನ್ನೂ ಈ ಊರಿನಲ್ಲಿಯೇ ಇರುತ್ತೇನೆ. ಗುದ್ದಲಿ, ಒಂದು ಬುಟ್ಟಿ, ಒಂದು ಬಟ್ಟೆಯ ಚೀಲ ತನ್ನಿರಿ. ಮಾದರಿ ತೆಗೆಯುವುದನ್ನು ನಿಮ್ಮ ಹೊಲದಲ್ಲಿಯೇ ತೋರಿಸಿಕೊಡುತ್ತೇನೆ. ಉಳಿದವರೂ ಬನ್ನಿರಿ.